ದೊಡ್ಡವ್ವನ ತಾಸು

ಹಳೆಯ ಗಾದಿಯ ಅರಳೆ ಹಿಂಜಿಸಲೆಂದು ಹಿರೇಕೆರೂರಿನ ಸಂತೆಗೆ ಹೋಗಿದ್ದೆ. ಬೇವಿನ ಗಿಡದ ಕೆಳಗೆ ಒಬ್ಬ ಪಿಂಜಾರ ಬಿಲ್ಲು ಹಿಡಿದು ಕೂತಿದ್ದ. ಅರ್ಧ ಅರಳೆ ಹಿಂಜಿ ಆಗಿತ್ತು, ಇನ್ನರ್ಧ ಗಂಟುಗಂಟಾಗಿ ಬಿದ್ದಿತ್ತು. ಅಷ್ಟರಲ್ಲಿ ಆತ ಬಿಲ್ಲಿನ ನರ ಸಡಿಲು ಮಾಡಿ, ಬಿಲ್ಲನ್ನು ಟೊಂಗೆಗೆ ತೂಗುಹಾಕಿ, ಬುತ್ತಿ ಬಿಚ್ಚಲು ಕೂತ. ನನಗೆ ಎಂದಿನಂತೆ ಅವಸರ.

"ಉಳದದ್ದು ಅಷ್ಟು ಮುಗಿಸಿ ಉಣಬಾರದೇನಪಾ?" ಎಂದೆ.

ಆತ ತಲೆ ಎತ್ತಲಿಲ್ಲ. ರೊಟ್ಟಿ ಮುರಿಯುತ್ತಲೇ, "ಬಿಲ್ಲು ಒಮ್ಮಿ ಇಳಿಸಿದ ಮ್ಯಾಲ ಒಂದ ತಾಸು ಏರಸಂಗಿಲ್ರಿ. ನಮ್ಮ ಮನಿಯಾಗ ಹಂಗ ಐತಿ" ಎಂದ.

ಈ ಮಾತನ್ನು ನಾನು ಹಿಂದೆ ಕೇಳಿದ್ದೆ. ಇದೇ ಧಾಟಿಯಲ್ಲಿ, ಇಷ್ಟೇ ಬಿಗಿಯಾಗಿ. ಊರು ಯಾವುದೆಂದು ಕೇಳಿದೆ. ಹುಲಗೂರು ಎಂದ. ಶಿಗ್ಗಾವಿಯ ಹತ್ತಿ ಜಿನ್ನಿನಲ್ಲಿ ಕೆಲಸಕ್ಕಿದ್ದ ಮುದುಕಿಯೊಬ್ಬಳ ಗುರುತು ಹೇಳಿದೆ. ಕುಳ್ಳಗೆ, ಕಪ್ಪಗೆ, ನಕ್ಕರೆ ಮುಂದಿನ ಎರಡು ಹಲ್ಲು ಇಲ್ಲದಾಕೆ.

"ಆಕಿ ನಮ್ಮಪ್ಪನ ಅಕ್ಕರಿ. ತೀರಿ ಹ್ವಾದ್ಲು, ಎರಡ ತಿಂಗಳಾತು" ಎಂದ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಸವಣೂರ ರಾಯರೇನ್ರಿ?" ಎಂದು ಕೇಳಿದ.

ಹೌದು ಎಂದೆ. ನನ್ನ ಅವಸರ ಎಲ್ಲಿ ಹೋಯಿತೋ. ಅಲ್ಲೇ ಅರಳೆಯ ಗಂಟಿನ ಮೇಲೆ ಕೂತುಬಿಟ್ಟೆ. ಆತ ಉಂಡು, ನೀರು ಕುಡಿದು, ಒಂದು ತಾಸು ಕಾಲು ಚಾಚಿ ಮಲಗಿ ಎದ್ದು ಬಿಲ್ಲು ಏರಿಸುವವರೆಗೂ ನಾನು ಕದಲಲಿಲ್ಲ.

ಆಕೆಯ ಹೆಸರು ನನಗೆ ಗೊತ್ತು. ಜಿನ್ನಿನ ಹಾಜರಿ ಪುಸ್ತಕದಲ್ಲಿ ಆರು ಹಂಗಾಮು ನನ್ನ ಕೈಯಾರೆ ಬರೆದಿದ್ದೇನೆ. ಆದರೆ ಆ ಹೆಸರಿನಿಂದ ಯಾರೂ ಆಕೆಯನ್ನು ಕರೆದದ್ದನ್ನು ಕೇಳಿಲ್ಲ. ನಲವತ್ತು ಹೆಂಗಸರಿಗೂ, ಎಂಜಿನ್ನಿನ ಮಿಸ್ತ್ರಿಗೂ, ಕೊನೆಗೆ ಮ್ಯಾನೇಜರರಿಗೂ ಆಕೆ ದೊಡ್ಡವ್ವ. ನಾನೂ ಹಾಗೆಯೇ ಕರೆದೆ, ಈಗಲೂ ಹಾಗೆಯೇ ಬರೆಯುತ್ತೇನೆ.

ನನ್ನದು ಸವಣೂರಿನ ವೈಷ್ಣವರ ಮನೆ. ಅಪ್ಪ ಶಾಸ್ತ್ರ ಓದಿದವರು, ಅಜ್ಜ ಅವರಿಗಿಂತ ಹೆಚ್ಚು ಓದಿದವರು. ನಾನು ಮಾತ್ರ ನಾಲ್ಕಕ್ಷರ ಇಂಗ್ಲಿಷ್ ಓದಿ, ಮುಂದೆ ಓದಲು ಆಗದೆ, ಶಿಗ್ಗಾವಿಯ ಊರ ಹೊರಗಿನ ಜಿನ್ನಿನಲ್ಲಿ ಗುಮಾಸ್ತನಾದೆ. "ವೇದ ಹೇಳೋ ಮನಿತನದಾಗ ಹುಟ್ಟಿ ಹತ್ತಿಕಾಳು ಆರಿಸಲಿಕ್ಕೆ ಹೋದ" ಎಂದು ನಮ್ಮ ಸೋದರತ್ತೆ ಊರೆಲ್ಲ ಹೇಳಿಕೊಂಡು ಬಂದರು. ಆಗ ನನಗೆ ಇಪ್ಪತ್ತೆರಡು ವರ್ಷ, ಮೂಗಿನ ತುದಿಯಲ್ಲೇ ಸಿಟ್ಟು. ಮೂವತ್ತಾರನೆಯ ಇಸವಿ ಇರಬೇಕು.

ಜಿನ್ನು ಶಿವರಾತ್ರಿಯ ಹಿಂದುಮುಂದು ಶುರುವಾದರೆ ಮಿರಗದ ಮಳೆ ಬೀಳುವವರೆಗೆ ನಡೆಯುತ್ತಿತ್ತು. ಸುತ್ತಲಿನ ಹಳ್ಳಿಗಳಿಂದ ಚಕ್ಕಡಿಗಟ್ಟಲೆ ಹತ್ತಿ ಬಂದು ಅಂಗಳದಲ್ಲಿ ಗುಡ್ಡ ಬೀಳುತ್ತಿತ್ತು. ಹೆಂಗಸರು ಯಂತ್ರಗಳ ಮುಂದೆ ಸಾಲಾಗಿ ನಿಂತು ಹತ್ತಿ ಉಣಿಸಬೇಕು. ಅರಳೆ ಒಂದು ಕಡೆ, ಕಾಳು ಒಂದು ಕಡೆ ಬೀಳುತ್ತದೆ. ಒಳಗೆ ನಿಂತವರ ಹುಬ್ಬು, ರೆಪ್ಪೆ, ಕಿವಿಯೊಳಗೆಲ್ಲ ಧೂಳು. ಮೂಗಿಗೆ ಸೆರಗು ಕಟ್ಟಿಕೊಂಡು ನಿಲ್ಲುತ್ತಿದ್ದರು. ಪಕ್ಕದವಳು ಕೂಗಿ ಹೇಳಿದ್ದೂ ಕೇಳಿಸದಷ್ಟು ಸಪ್ಪಳ.

ಬೆಳಗಿನ ಆರಕ್ಕೆ ಕೆಲಸ ಹಿಡಿದರೆ ಊಟದ ಗಂಟೆ ಹೊಡೆಯುವುದು ಮ್ಯಾನೇಜರರ ಮರ್ಜಿ. ಹತ್ತಿ ಕಡಿಮೆ ಇದ್ದ ದಿನ ಒಂದಕ್ಕೆ, ಹೆಚ್ಚು ಬಂದ ದಿನ ಮೂರಕ್ಕೆ, ಅದೂ ಎಂಜಿನ್ ನಿಲ್ಲಿಸದೆ, ಕಾಲು ತಾಸು. ಅಲ್ಲಿಯವರೆಗೆ ಹೆಂಗಸರು ಒಂದು ಕೈಯಿಂದ ಹತ್ತಿ ಉಣಿಸುತ್ತ ಇನ್ನೊಂದು ಕೈಯಿಂದ ಸೆರಗಿನೊಳಗಿನ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಮ್ಯಾನೇಜರರು ಕೆಟ್ಟವರಲ್ಲ. ಎಂಜಿನ್ ನಿಲ್ಲಿಸಿದರೆ ಮತ್ತೆ ಹಿಡಿಯಲು ಹೊತ್ತಾಗುತ್ತದೆ ಎಂಬುದೊಂದೇ ಅವರ ತಲೆಯಲ್ಲಿ. ಅವರ ಕಣ್ಣಿಗೆ ದಣಿಯುವುದು ಎಂಜಿನ್ ಒಂದೇ.

ಬುತ್ತಿಯ ವಿಷಯದಲ್ಲಿ ಆ ಹೆಂಗಸರದು ಒಂದು ಪದ್ಧತಿ ಇತ್ತು. ಹೊರಗೆ ಕೂತು ಉಣ್ಣುವಾಗ ದೊಡ್ಡವ್ವ ತನ್ನ ಬುತ್ತಿಯ ಗಂಟು ಬಿಚ್ಚುವವರೆಗೆ ಯಾರೂ ಬಿಚ್ಚುತ್ತಿರಲಿಲ್ಲ. ಆಕೆ ಪಿಂಜಾರ ಮುಸಲ್ಮಾನರಾಕೆ, ಉಳಿದವರಲ್ಲಿ ಹತ್ತು ಜಾತಿಯವರು. ಯಾರು ಯಾರ ರೊಟ್ಟಿ ಮುಟ್ಟಬೇಕು, ಮುಟ್ಟಬಾರದು ಎಂಬುದೆಲ್ಲ ಅವರವರಿಗೆ ಗೊತ್ತಿತ್ತು. ಆದರೆ ಗಂಟು ಮಾತ್ರ ದೊಡ್ಡವ್ವನದೇ ಮೊದಲು. ಯಾಕೆಂದು ಒಮ್ಮೆ ಕೇಳಿದೆ. "ಎಲ್ಲಾರಿಗಿಂತ ಮೊದಲ ಹಸದಾಕಿ ನಾನರಿ" ಎಂದು ನಕ್ಕಳು.

ಆಕೆಯ ನಗೆಚಾಟಿಕೆಗೆ ನಾನೇ ಹೆಚ್ಚಾಗಿ ಸಿಗುತ್ತಿದ್ದೆ. ನನ್ನ ಏಕಾದಶಿ ಆಕೆಗೆ ನನಗಿಂತ ಚೆನ್ನಾಗಿ ನೆನಪಿರುತ್ತಿತ್ತು. "ರಾಯರ, ಇವತ್ತ ಉಪಾಸ ಏನ್ರಿ? ಕುರ್ಚಿ ಮ್ಯಾಲ ಕುಂತ ಉಪಾಸ ಮಾಡೂದು ಭಾಳ ಚಲೋ. ದೇವರು ನನಗೂ ಒಂದ ಕುರ್ಚಿ ಕೊಟ್ಟಿದ್ರ ನಾನೂ ನಿಮ್ಮ ದೇವರಿಗೇ ನಡಕೋತಿದ್ನಿ!" ನನಗೆ ಸಿಟ್ಟು ಬರಬೇಕು. ಬರುತ್ತಿರಲಿಲ್ಲ.

ನಾನು ಸೇರಿದ ವರ್ಷವೇ ಮ್ಯಾನೇಜರರು ಒಂದು ಇಂಗ್ಲಿಷ್ ಕಾಗದ ಕೊಟ್ಟು, ಕನ್ನಡ ಮಾಡಿ ಹಲಗೆಯ ಮೇಲೆ ಬರೆ ಎಂದರು. ಹೊಸ ಫ್ಯಾಕ್ಟರಿ ಕಾಯ್ದೆ ಬಂದಿತ್ತು. ಆರು ತಾಸು ದುಡಿಸಿದರೆ ಒಂದು ತಾಸು ವಿಶ್ರಾಂತಿ ಕೊಡಬೇಕು, ಅದರ ಹೊತ್ತನ್ನು ಜನರಿಗೆ ತಿಳಿಯುವ ಭಾಷೆಯಲ್ಲಿ ಬರೆದು ತೂಗುಹಾಕಬೇಕು ಎಂದು ಅದರಲ್ಲಿತ್ತು. ನನ್ನ ಪಾಂಡಿತ್ಯಕ್ಕೆ ಒಂದು ಹಲಗೆ ಸಿಕ್ಕಂತಾಯಿತು. ಎರಡು ದಿನ ಕೂತು, ದುಂಡಗೆ ಬರೆದೆ: "ಕರ್ಮಚಾರಿ ವರ್ಗಕ್ಕೆ ಮಧ್ಯಾಹ್ನ ದ್ವಾದಶ ಘಂಟೆಯಿಂದ ಏಕ ಘಂಟೆಯ ಪರ್ಯಂತ ವಿಶ್ರಾಂತಿಕಾಲವು ನಿಗದಿಯಾಗಿರುತ್ತದೆ." ಮ್ಯಾನೇಜರರು ಮೆಚ್ಚಿ ಅದನ್ನು ತಮ್ಮ ಕೋಣೆಯ ಹೊರಗೋಡೆಗೆ ಹಾಕಿಸಿದರು. ಓದಬಲ್ಲ ಹೆಂಗಸು ಒಬ್ಬಳೂ ಇರಲಿಲ್ಲ, ಓದಿದರೂ ತಿಳಿಯುತ್ತಿರಲಿಲ್ಲ. ಹಲಗೆ ಗೋಡೆಯ ಮೇಲಿತ್ತು, ಕೆಲಸ ಎಂದಿನಂತೆ ನಡೆದಿತ್ತು.

ಒಂದು ಸಂಜೆ ದೊಡ್ಡವ್ವ ಹಲಗೆಯ ಮುಂದೆ ನಿಂತಳು. "ರಾಯರ, ಎರಡ ದಿನ ಕುಂತ ಬರದ್ರಿ, ಏನ ಬರದೀರಿ?"

ಓದಿ ಹೇಳಿದೆ.

"ದೇವರ ಮಂತ್ರ ಇದ್ದಂಗೈತಿ. ನಮ್ಮ ಮಾತಿನ್ಯಾಗ ಹೇಳ್ರಿ."

"ಹನ್ನೆರಡರಿಂದ ಒಂದರ ತನಕಾ ನಿಮಗ ಸೂಟಿ. ಸರಕಾರದ ಕಾಯ್ದೆ ಅದ."

ಆಕೆ ಹಲಗೆಯ ಅಕ್ಷರಗಳ ಮೇಲೆ ಬೆರಳು ಎಳೆದಳು. "ಯಾರಿಗೆ, ನಮಗ?"

"ನಿಮಗ."

"ದಿನಾ?"

"ದಿನಾ."

"ಮತ್ತ ಇದನ್ನ ಗ್ವಾಡಿಗೆ ಯಾಕ ಹೇಳೀರಿ, ನಮಗ ಹೇಳೂದ ಬಿಟ್ಟು?" ಎಂದಳು. ಮರುದಿನವೂ ಬಂದು ಹಲಗೆ ಓದಿಸಿದಳು, ಅದರ ಮರುದಿನವೂ. ವಾರದಲ್ಲಿ ಬಾಯಿಪಾಠ ಮಾಡಿ, ದ್ವಾದಶ, ಏಕ, ಪರ್ಯಂತ ಎಲ್ಲ ಕೂಡಿಸಿ ಬಾವಿಯ ಹತ್ತಿರ ಹೆಂಗಸರಿಗೆ ಪುರಾಣದಂತೆ ಹೇಳುತ್ತಿದ್ದಳು.

ಗಡಿಯಾರ ಇದ್ದದ್ದು ಮ್ಯಾನೇಜರರ ಕೋಣೆಯಲ್ಲಿ. ಆಕೆ ನೋಡುತ್ತಿದ್ದುದು ಚಿಮಣಿಯನ್ನು. ಬಿಸಿಲುಗಾಲದಲ್ಲಿ ಮಧ್ಯಾಹ್ನ ಆ ಎತ್ತರದ ಚಿಮಣಿಯ ನೆರಳು ಕುಗ್ಗಿ ಕುಗ್ಗಿ ಅದರ ಬುಡದೊಳಗೇ ಹೊಕ್ಕುಬಿಡುತ್ತಿತ್ತು. ಆಗ ಬಾಗಿಲ ಹತ್ತಿರದ ಯಂತ್ರದ ಮುಂದೆ ನಿಂತ ದೊಡ್ಡವ್ವ ಒಮ್ಮೆ ಹೊರಗೆ ನೋಡಿ, ಒಮ್ಮೆ ನನ್ನ ಕಡೆ ನೋಡಿ, ಮತ್ತೆ ಹತ್ತಿಗೆ ಕೈ ಹಾಕುತ್ತಿದ್ದಳು. ದಿನಾ ಒಂದೇ ನೋಟ. ಆ ನೋಟ ತಪ್ಪಿಸಲು ನಾನು ಹನ್ನೆರಡರ ಹೊತ್ತಿಗೆ ಕಾಗದಪತ್ರದಲ್ಲಿ ತಲೆ ಹುದುಗಿಸುವುದನ್ನು ಕಲಿತೆ.

ಆ ತಾಸಿನ ಹಂಬಲ ಆಕೆಗೆ ತನ್ನ ಸಲುವಾಗಿ ಅಷ್ಟಾಗಿ ಇರಲಿಲ್ಲ. ತಡಸದಿಂದ ಮದುವೆಯಾಗಿ ಬಂದ ಹುಡುಗಿಯೊಬ್ಬಳು ಆ ವರ್ಷ ಕೆಲಸಕ್ಕೆ ಸೇರಿದ್ದಳು. ಎಲ್ಲರೂ ಅವಳನ್ನು ತಡಸದಾಕಿ ಎನ್ನುತ್ತಿದ್ದರು. ಮೂರು ತಿಂಗಳ ಕೂಸು. ಬೇವಿನ ಗಿಡಕ್ಕೆ ಹಳೆಯ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿ ಒಳಗೆ ಬರುತ್ತಿದ್ದಳು. ಕೂಸು ಅತ್ತರೆ ಒಳಗೆ ಕೇಳಿಸದು. ಅವಳ ಕುಪ್ಪಸ ಹಾಲಿನಿಂದ ತೊಯ್ದು, ಅದಕ್ಕೆ ಅರಳೆ ಅಂಟಿಕೊಂಡಿರುತ್ತಿತ್ತು. ಮೂರಕ್ಕೆ ಬಿಟ್ಟಾಗ ಓಡಿ ಹೋದರೆ ಕೂಸು ಅತ್ತತ್ತು ಸೋತು ನಿದ್ದೆ ಹೋಗಿರುತ್ತಿತ್ತು, ಎಬ್ಬಿಸಿದರೂ ಮೊಲೆ ಹಿಡಿಯುತ್ತಿರಲಿಲ್ಲ. ಕೂಸು ದಿನದಿನಕ್ಕೆ ಬಡವಾಗುತ್ತ ಬಂತು. ದೊಡ್ಡವ್ವ ಹತ್ತು ಹೆತ್ತು ಒಂದನ್ನು ಉಳಿಸಿಕೊಂಡಾಕೆ. ಆ ಜೋಳಿಗೆಯ ಕಡೆ ನೋಡುವಾಗ ಆಕೆಯ ಮುಖದಲ್ಲಿ ನಗೆ ಇರುತ್ತಿರಲಿಲ್ಲ.

ಹಂಗಾಮು ಮುಗಿಯಲು ಬಂದಾಗ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಹೇಳದೆ ಕೇಳದೆ, ಮಧ್ಯಾಹ್ನ ಎರಡರ ಬಿಸಿಲಲ್ಲಿ. ಬೊಂಬಾಯಿ ಕಡೆಯವರು, ಕನ್ನಡ ಬಾರದು. ತಲೆಗೆ ಟೋಪಿ, ಕೈಯಲ್ಲಿ ಪುಸ್ತಕ. ಎಂಜಿನ್ ನೋಡಿದರು, ಯಂತ್ರ ತಿರುಗಿಸುವ ಪಟ್ಟಾಗಳಿಗೆ ಬೇಲಿ ಇದೆಯೇ ನೋಡಿದರು, ನನ್ನ ಹಲಗೆ ನೋಡಿ ಅಕ್ಷರ ಚೆನ್ನಾಗಿದೆ ಎಂದರು. ನಾನು ಉಬ್ಬಿದೆ. ಆಮೇಲೆ ಹೆಂಗಸರನ್ನು ಹೊರಗೆ ಕರೆಸಿ, ಇವರಿಗೆ ಮಧ್ಯಾಹ್ನದ ಬಿಡುವು ಸಿಕ್ಕಿದೆಯೇ ಕೇಳು ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಮ್ಯಾನೇಜರರು ನನ್ನ ಮಗ್ಗುಲಲ್ಲೇ ನಿಂತಿದ್ದರು. ಆ ಮಾತನ್ನು ಹಾಗೆಯೇ ಕೇಳಲು ನನಗೆ ನಾಲಗೆ ಏಳಲಿಲ್ಲ.

"ಸಾಹೇಬ್ರು ಕೇಳ್ತಾರ, ಊಟ ಆತೇನು?" ಎಂದೆ.

ನಲವತ್ತು ಬಾಯಿ ಒಟ್ಟಿಗೆ ಹೇಳಿದವು: "ಆತ್ರಿ!"

ಎಲ್ಲರಿಗಿಂತ ಮುಂದೆ ನಿಂತ ದೊಡ್ಡವ್ವ ಕೈ ಮುಗಿದು, "ಆತ್ರಿ ಸಾಹೇಬ್ರ. ನಿಮ್ದು ಆತೇನ್ರಿ? ಬಿಸಲಾಗ ಬಂದೀರಿ" ಎಂದಳು.

ಸಾಹೇಬರು ಸಂತೋಷದಿಂದ ಪುಸ್ತಕದಲ್ಲಿ ಬರೆದುಕೊಂಡು ಹೋದರು. ಹೆಂಗಸರು ಬೆಳಗಿನ ಆರರಿಂದ ನಿಂತವರು, ಗೂಟಕ್ಕೆ ತೂಗುಹಾಕಿದ ಬುತ್ತಿ ಇನ್ನೂ ಮುಗಿದಿರಲಿಲ್ಲ.

ಸಂಜೆ ದೊಡ್ಡವ್ವ ನನ್ನ ಬಾಗಿಲಿಗೆ ಬಂದಳು. "ರಾಯರ, ಆ ಸಾಹೇಬ ಬಂದದ್ದು ಯಾತಕ್ಕ?"

ನಾನು ತಲೆ ತಗ್ಗಿಸಿ ಹೇಳಿದೆ. ನಿಮ್ಮ ತಾಸು ನಿಮಗೆ ಸಿಗುತ್ತದೋ ಇಲ್ಲವೋ ನೋಡಲಿಕ್ಕೆ ಬಂದಿದ್ದರು, ನೀವು ಇಲ್ಲ ಎಂದಿದ್ದರೆ ಮ್ಯಾನೇಜರರನ್ನು ಕೇಳುತ್ತಿದ್ದರು ಎಂದೆ.

ಆಕೆ ಹೊಸ್ತಿಲ ಮೇಲೆ ಕುಸಿದು ಕೂತಳು. ಮೊದಲು ನಕ್ಕಳು, ಮುಂದಿನ ಹಲ್ಲಿಲ್ಲದ ಬಾಯಿ ಅಗಲಿಸಿ, ಹೊಟ್ಟೆ ಹಿಡಿದುಕೊಂಡು. "ಅಯ್ಯ ನನ ಶಿವನ! ಬಂದ ಮನಿಶ್ಯಾಗ ನಾವು ಹಸದೇವಿ ಅಂತ ಹೆಂಗ ಹೇಳೂದ್ರಿ? ಊಟ ಆತೇನು ಅಂದ್ರ ನಾಲಗಿ ತಾನ ಆತು ಅಂತೈತಿ. ನಮ್ಮವ್ವ ಸಾಯೂ ಮುಂದ ಕೇಳಿದಾಗೂ ಆತು ಅಂದಿದ್ಲು, ಮೂರ ದಿನ ಏನೂ ತಿಂದಿದ್ದಿಲ್ಲ." ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ನಗೆ ನಿಂತರೂ ಕಣ್ಣು ಒರೆಸುವುದು ನಿಲ್ಲಲಿಲ್ಲ. ತಡಸದಾಕಿ ಕೂಸನ್ನು ಹೆಗಲಿಗೆ ಹಾಕಿಕೊಂಡು ದೂರ ನಿಂತಿದ್ದಳು.

"ನಾನೂ ಬ್ಯಾರೆ ರೀತಿ ಕೇಳಬೇಕಾಗಿತ್ತು ದೊಡ್ಡವ್ವ" ಎಂದೆ.

"ಹೌದ್ರಿ, ಕೇಳಬೇಕಾಗಿತ್ತು" ಎಂದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು. ಬ್ರಾಹ್ಮಣರ ಮಗ, ಸತ್ಯಂ ವದ ಎಂದು ಬಾಯಿಪಾಠ ಮಾಡಿದವ, ನಲವತ್ತು ಹಸಿದ ಹೆಂಗಸರ ಮುಂದೆ ನಿಂತು ನನ್ನ ನೌಕರಿಯನ್ನು ಕಾಯ್ದುಕೊಂಡಿದ್ದೆ.

ಮುಂದಿನ ಹಂಗಾಮಿಗೆ ಆ ಕೂಸು ಬದುಕಿ ಉಳಿದು ಅಂಬೆಗಾಲಿಡುತ್ತಿತ್ತು. ಈಗ ಅದನ್ನು ಜೋಳಿಗೆಯಲ್ಲಿ ಹಿಡಿದಿಡುವುದೇ ಆಗದು. ಗಿಡಕ್ಕೆ ಹಗ್ಗ ಹಾಕಿ, ಕೂಸಿನ ಸೊಂಟಕ್ಕೆ ಕಟ್ಟಿ ಬರುತ್ತಿದ್ದಳು ತಡಸದಾಕಿ. ಒಂದು ಮಧ್ಯಾಹ್ನ ಕಣ್ಣು ಬಾಗಿಲ ಕಡೆ ಇದ್ದು ಕೈ ಯಂತ್ರದ ಕಡೆ ಇದ್ದಾಗ ಅವಳ ಸೆರಗು ಪಟ್ಟಾಕ್ಕೆ ಸಿಕ್ಕಿತು. ದೊಡ್ಡವ್ವ ಹಾರಿ ಬಂದು ಸೀರೆಯನ್ನು ಎರಡೂ ಕೈಯಿಂದ ಹರಿದು ಅವಳನ್ನು ಹಿಂದಕ್ಕೆ ಎಳೆದಳು. ಅರ್ಧ ಸೀರೆ ಹೋಯಿತು, ಹುಡುಗಿ ಉಳಿದಳು. ಹಾಗೆ ಎಳೆದಾಗ ಕಬ್ಬಿಣಕ್ಕೆ ಮುಖ ಬಡಿದು ದೊಡ್ಡವ್ವನ ಮೊದಲೇ ಬಿದ್ದಿದ್ದ ಎರಡು ಹಲ್ಲಿನ ಪಕ್ಕದ ಇನ್ನೊಂದು ಹಲ್ಲು ಅಲುಗಾಡತೊಡಗಿತು. "ಇರಲಿ, ರೊಟ್ಟಿ ನೆನಸಿ ತಿಂತೇನಿ" ಎಂದಳು.

ಮರುದಿನ ಬಾವಿಯ ಹತ್ತಿರ ಹೆಂಗಸರನ್ನೆಲ್ಲ ಕೂಡಿಸಿ ಆಕೆ ಹೇಳಿದ್ದನ್ನು ನಾನು ನೀರಿಗೆ ಹೋದವನು ಕೇಳಿಸಿಕೊಂಡೆ.

"ಸಾಹೇಬ ಈ ವರ್ಷೂ ಬರತಾನ. ಯಾವಾಗ ಬರತಾನ ಗೊತ್ತಿಲ್ಲ. ಕೇಳಿದ್ರ ನಮ್ಮ ಬಾಯಿ ಸುಳ್ಳ ಹೇಳತೈತಿ, ಅದಕ್ಕ ರೂಢಿ ಬಿದ್ದೈತಿ. ಇವತ್ತಿನಿಂದ ಯಾರೂ ಒಳಗ ನಿಂತ ರೊಟ್ಟಿ ಮುರಿಯೂದ ಬ್ಯಾಡ. ಗಂಟಿ ಹೊಡಿಯೂ ತನಕಾ ಬುತ್ತಿ ಗಂಟು ಬಿಚ್ಚೂದ ಬ್ಯಾಡ. ನಾವು ಹೇಳಲಿಲ್ಲಂದ್ರ ಬುತ್ತಿ ಹೇಳಲಿ."

"ಮೂರರ ತನಕಾ ಹೆಂಗ ದೊಡ್ಡವ್ವ?" ಎಂದಳೊಬ್ಬಳು.

"ನಾ ಬಿಚ್ಚಿದ ಮ್ಯಾಲ ಬಿಚ್ಚೂದು ಹೌದಲ್ಲೊ? ನಾ ಬಿಚ್ಚಂಗಿಲ್ಲ." ತಡಸದಾಕಿಯ ಕಡೆ ತಿರುಗಿ, "ನೀ ಒಬ್ಬಾಕಿ ತಿನ್ನು. ನಿಂದು ಎರಡ ಹೊಟ್ಟಿ" ಎಂದಳು.

ಒಂದೂವರೆ ತಿಂಗಳು. ಒಂದೂವರೆ ತಿಂಗಳು ಆ ಹೆಂಗಸರು ಬೆಳಗಿನ ಆರರಿಂದ ಮಧ್ಯಾಹ್ನ ಎರಡು, ಮೂರರವರೆಗೆ ಒಂದು ತುತ್ತು ಬಾಯಿಗೆ ಹಾಕದೆ ದುಡಿದರು. ಗೋಡೆಯ ಗೂಟಗಳಿಗೆ ನಲವತ್ತು ಬುತ್ತಿ ಸಾಲಾಗಿ ತೂಗುತ್ತಿದ್ದವು. ಇಬ್ಬರು ತಲೆ ತಿರುಗಿ ಬಿದ್ದರು. ದೊಡ್ಡವ್ವ ಅವರ ಮುಖಕ್ಕೆ ನೀರು ಹೊಡೆದು ಎಬ್ಬಿಸಿದಳು, ಬುತ್ತಿ ಮಾತ್ರ ಬಿಚ್ಚಿಸಲಿಲ್ಲ. ನನಗೆ ನೋಡಲಾಗದೆ, "ಸಾಹೇಬ್ರು ಬರದಿದ್ರ?" ಎಂದು ಕೇಳಿದೆ. "ಬರಬೇಕು. ಬರದಿದ್ರ ನಿಮ್ಮ ಕಾಯ್ದೆ ಗ್ವಾಡಿ ಮ್ಯಾಲ ಇರಲಿ, ನಮ್ಮ ಬುತ್ತಿ ಗೂಟಕ್ಕ ಇರಲಿ" ಎಂದಳು. "ನೀವೂ ಅವತ್ತ ಇಲ್ಲೇ ಇರ್ರಿ ರಾಯರ" ಎಂದು ಸೇರಿಸಿದಳು.

ಸಾಹೇಬರು ಬಂದರು. ಅದೇ ಟೋಪಿ, ಅದೇ ಪುಸ್ತಕ. ಮಧ್ಯಾಹ್ನ ಎರಡೂವರೆ. ಹೆಂಗಸರನ್ನು ಹೊರಗೆ ಕರೆಸಿದರು. ಬರುವಾಗ ದೊಡ್ಡವ್ವ ಗೂಟದಿಂದ ತನ್ನ ಬುತ್ತಿ ತೆಗೆದುಕೊಂಡು ಬಂದಳು. ಅವಳ ಹಿಂದೆ ಎಲ್ಲರೂ. ಬೇವಿನ ನೆರಳಲ್ಲಿ ಸಾಲಾಗಿ ಕೂತು ಬುತ್ತಿಯನ್ನು ಮುಂದಿಟ್ಟುಕೊಂಡರು. ಸಾಹೇಬರು ಅದೇ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವುದಕ್ಕೆ ಮೊದಲೇ ದೊಡ್ಡವ್ವ ಕೈ ಮುಗಿದಳು.

"ಬರ್ರಿ ಸಾಹೇಬ್ರ, ಹೊತ್ತಿಗೆ ಸರಿಯಾಗಿ ಬಂದ್ರಿ. ಈಗ ಬಿಚ್ಚಾಕತ್ತೇವಿ. ಕುಂದರ್ರಿ, ಒಂದ ತುತ್ತ ನಮ್ಮ ಕೂಡ ಉಣ್ರಿ."

ಸಾಹೇಬರಿಗೆ ಮಾತು ತಿಳಿಯಲಿಲ್ಲ. ಆದರೆ ನಲವತ್ತು ಗಂಟುಗಳು ಕಣ್ಣಿಗೆ ಕಂಡವು. ಜೇಬಿನ ಗಡಿಯಾರ ತೆಗೆದು ನೋಡಿದರು. ನನ್ನ ಕಡೆ ತಿರುಗಿ, ಇವರು ಎಷ್ಟು ಹೊತ್ತಿನಿಂದ ಕೆಲಸದಲ್ಲಿದ್ದಾರೆ ಎಂದು ಕೇಳಿದರು. ಮ್ಯಾನೇಜರರು ನನ್ನನ್ನೇ ನೋಡುತ್ತಿದ್ದರು. ದೊಡ್ಡವ್ವ ನೋಡಲಿಲ್ಲ, ಬುತ್ತಿಯ ಗಂಟಿನ ಮೇಲೆ ಕೈ ಇಟ್ಟು, ಕೆಳಗೆ ನೋಡುತ್ತ ಕೂತಿದ್ದಳು. ಬೆಳಗಿನ ಆರರಿಂದ, ನಡುವೆ ಬಿಟ್ಟಿಲ್ಲ, ನಿನ್ನೆಯೂ ಹನ್ನೆರಡಕ್ಕೆ ಬಿಟ್ಟಿಲ್ಲ, ಹೋದ ವರ್ಷವೂ ಬಿಡುತ್ತಿರಲಿಲ್ಲ ಎಂದು ಒಂದೇ ಉಸಿರಿನಲ್ಲಿ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ವ್ಯಾಕರಣ ಎಷ್ಟು ಕೆಟ್ಟಿತೋ ದೇವರೇ ಬಲ್ಲ.

ಆಗ ದೊಡ್ಡವ್ವ ಗಂಟು ಬಿಚ್ಚಿದಳು. ಆಮೇಲೆ ಎಲ್ಲರೂ ಬಿಚ್ಚಿದರು.

ಸಾಹೇಬರು ಟೋಪಿ ತೆಗೆದು ಹತ್ತಿಯ ಅಂಡಿಗೆಯ ಮೇಲೆ ಕೂತು, ಆಕೆ ಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನು ಅಂಗೈಯಲ್ಲಿ ಹಿಡಿದು ತಿಂದರು. ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ದೊಡ್ಡವ್ವ ಇನ್ನೊಂದು ರೊಟ್ಟಿ ಮುರಿದು ನನ್ನ ಕಡೆ ಚಾಚಿದಳು. "ತಗೋರಿ ರಾಯರ. ನಿಮ್ಮ ಮಾರಿ ಬಾಡೇತಿ. ಊಟ ಆತೇನ್ರಿ?"

ಆಗಿರಲಿಲ್ಲ. ಬೆಳಗಿನ ಅವಲಕ್ಕಿಯ ಮೇಲೆ ನೀರೂ ಕುಡಿದಿರಲಿಲ್ಲ. ಆದರೆ ಸವಣೂರಿನ ಮನೆ, ಮಡಿ, ಅಪ್ಪನ ಮುಖ ಎಲ್ಲ ಒಟ್ಟಿಗೆ ಎದುರು ನಿಂತವು.

"ಆಗೇದ ದೊಡ್ಡವ್ವ" ಎಂದೆ.

ಆಕೆ ಒಂದು ಗಳಿಗೆ ನನ್ನ ಮುಖ ನೋಡಿದಳು. "ಆಗಲಿರಿ" ಎಂದು ಆ ತುಂಡನ್ನು ತಡಸದಾಕಿಯ ಕೂಸಿನ ಕೈಗೆ ಕೊಟ್ಟಳು.

ಸಾಹೇಬರು ಮ್ಯಾನೇಜರರ ಕೋಣೆಯಲ್ಲಿ ಅರ್ಧ ತಾಸು ಇದ್ದರು. ಒಳಗೆ ಏನಾಯಿತೋ ತಿಳಿಯದು. ಮ್ಯಾನೇಜರರು ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ನನ್ನನ್ನು ತೆಗೆದುಹಾಕಿದರೆ ಇಂಗ್ಲಿಷ್ ಪತ್ರ ಬರೆಯುವವರು ಬೇರೆ ಇರಲಿಲ್ಲವಾದ್ದರಿಂದ ಉಳಿದೆ. ಮರುದಿನ ಹನ್ನೆರಡಕ್ಕೆ ಗಂಟೆ ಹೊಡೆಯಿತು, ಎಂಜಿನ್ ನಿಂತಿತು.

ಆ ಮೊದಲ ದಿನವನ್ನು ನಾನು ಮರೆಯಲಾರೆ. ಸಪ್ಪಳ ನಿಂತೊಡನೆ ಹೆಂಗಸರು ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಎಷ್ಟೋ ವರ್ಷ ಅಲ್ಲಿ ದುಡಿದರೂ ಹಗಲು ಹೊತ್ತು ಆ ಅಂಗಳದಲ್ಲಿ ಗುಬ್ಬಿ ಕೂಗುವುದನ್ನು ಅವರು ಕೇಳಿರಲಿಲ್ಲ. ತಡಸದಾಕಿ ಕೂಸನ್ನು ಮಡಿಲಿಗೆ ಹಾಕಿಕೊಂಡು ಗೋಡೆಗೆ ಒರಗಿದಳು, ತಾಯಿ ಮಗು ಇಬ್ಬರೂ ಹಾಗೆಯೇ ನಿದ್ದೆ ಹೋದರು. ಉಂಡಾದ ಮೇಲೆ ಒಬ್ಬಿಬ್ಬರು ಸುಮ್ಮನೆ ಕೂರಲಾರದೆ ಅಂಗಳದಲ್ಲಿ ಬಿದ್ದ ಹತ್ತಿ ಆರಿಸತೊಡಗಿದರು. ದೊಡ್ಡವ್ವ ಮಲಗಿದಲ್ಲಿಂದಲೇ ಕೂಗಿದಳು: "ಏ, ಬಿಡ್ರೆ ಅದನ್ನ! ಕೆಲಸಾ ಮುಟ್ಟಿದ್ರ ಕೈ ಮುರಿತೇನಿ. ನನ್ನ ಗಂಡ ಉಣಾಕ ಕುಂದ್ರೂ ಮುಂದ ಬಿಲ್ಲಿನ ನರ ಇಳಿಸಿ ಇಡತಿದ್ದ. ಒಂದ ತಾಸು ಅದನ್ನ ಏರಸೂಹಂಗ ಇದ್ದಿಲ್ಲ. ಇಳಿಸದಿದ್ರ ನರ ಕಡಕೋತೈತಿ ಅಂತಿದ್ದ. ನೀವು ನರಕ್ಕಿಂತ ಗಟ್ಟಿ ಏನು?" ತಾನು ಆಕಾಶಕ್ಕೆ ಮುಖ ಮಾಡಿ, ಕೈಕಾಲು ಚೆಲ್ಲಿ ಮಲಗಿದಳು. ಗಂಟೆ ಹೊಡೆಯುವವರೆಗೆ ಎವೆ ಬಿಟ್ಟು ಏನನ್ನೂ ಆಡಿಸಲಿಲ್ಲ.

ಅದರ ಮುಂದಿನ ಶಿವರಾತ್ರಿಗೆ ಮ್ಯಾನೇಜರರಿಗೆ ಒಂದು ಯುಕ್ತಿ ಹೊಳೆಯಿತು. ಹೆಂಗಸರೆಲ್ಲ ಉಪವಾಸ, ಹಾಗಾಗಿ ಊಟದ ತಾಸು ಬೇಡವೆಂದರು. ಮಾತು ತರ್ಕಬದ್ಧ ಎಂದು ನನಗೂ ಒಂದು ಕ್ಷಣ ಅನಿಸಿತು. ದೊಡ್ಡವ್ವನಿಗೆ ಶಿವರಾತ್ರಿ ಇಲ್ಲ, ಆಕೆಯ ಬುತ್ತಿ ಗೂಟಕ್ಕಿತ್ತು. ಆಕೆಯೇ ಮುಂದೆ ಬಂದು ಹೇಳಿದಳು: "ಮ್ಯಾನೇಜರ ಸಾಹೇಬ್ರ, ಉಪಾಸ ಹೊಟ್ಟಿಗೈತಿ, ದಣಿವಿಗೆಲ್ಲೈತ್ರಿ? ರಾಯರ ಹಲಿಗಿ ಮ್ಯಾಲ ಊಟ ಅಂತ ಬರದಿಲ್ಲ. ಬೇಕಂದ್ರ ಓದಸ್ರಿ." ನಾನು ಓದಿದೆ. ದ್ವಾದಶ ಘಂಟೆಯಿಂದ ಏಕ ಘಂಟೆಯ ಪರ್ಯಂತ ವಿಶ್ರಾಂತಿಕಾಲ. ಊಟದ ಸುದ್ದಿ ಇರಲಿಲ್ಲ. ನನ್ನ ಸಂಸ್ಕೃತ ಒಂದು ಸಲವಾದರೂ ಯಾರಿಗೋ ಉಪಯೋಗಕ್ಕೆ ಬಂತು. ಆ ದಿನ ಎಲ್ಲರೂ ಒಂದು ತಾಸು ಸುಮ್ಮನೆ ಕೂತರು. ಉಳಿದವರು ಉಪವಾಸವಿರುವಾಗ ತಾನೊಬ್ಬಳೇ ಉಣ್ಣುವುದು ಹೇಗೆಂದು ದೊಡ್ಡವ್ವ ಬುತ್ತಿಯನ್ನು ಹಾಗೆಯೇ ಮನೆಗೆ ಒಯ್ದಳು.

ನಲವತ್ತೆರಡರ ಹೊತ್ತಿಗೆ ನನಗೆ ಹಿರೇಕೆರೂರಿನಲ್ಲಿ ಸರಕಾರಿ ನೌಕರಿ ಸಿಕ್ಕಿತು. ಹೊರಡುವ ದಿನ ಹೇಳಿಹೋಗಲು ಬಂದಾಗ ಅವರ ತಾಸು ನಡೆದಿತ್ತು. ಮಲಗಿದ್ದಾಕೆ ಏಳಲಿಲ್ಲ. "ತಾಸು ಮುಗಿದ ಮ್ಯಾಲ ಅಳತೇನ್ರಿ ರಾಯರ. ಈಗ ಹೋಗಿ ಬರ್ರಿ" ಎಂದು ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನ ಬದಿಯಿಂದ ನೀರು ಕಿವಿಯ ಕಡೆ ಇಳಿದದ್ದು ನನಗೆ ಕಾಣಿಸಿತು.

ಆಮೇಲೆ ಆಕೆಯನ್ನು ಕಂಡದ್ದು ಒಂದೇ ಸಲ. ಮೂರು ವರ್ಷದ ಹಿಂದೆ ಯಾವುದೋ ಕೆಲಸಕ್ಕೆ ಹುಲಗೂರಿಗೆ ಹೋಗಿದ್ದೆ. ಆಕೆ ಜಿನ್ನು ಬಿಟ್ಟು ತವರಿನಲ್ಲಿ ತಮ್ಮನ ಮನೆಯಲ್ಲಿ ಇರುವುದಾಗಿ ತಿಳಿಯಿತು. ದರ್ಗಾದ ಹಿಂದಿನ ಓಣಿಯಲ್ಲಿ ಸಣ್ಣ ಮನೆ. ಕಟ್ಟೆಯ ಮೇಲೆ ಕೂತಿದ್ದಳು, ಕಣ್ಣು ಮಂಜಾಗಿದ್ದವು. ಹಲ್ಲು ಒಂದೂ ಉಳಿದಿರಲಿಲ್ಲ. ಧ್ವನಿಯ ಮೇಲೆ ಗುರುತು ಹಿಡಿದಳು. ತಡಸದಾಕಿಯ ಮಗ ಸಾಲಿಗೆ ಹೋಗುತ್ತಾನೆಂದು, ಅವನಿಗೆ ನನ್ನ ಹಲಗೆ ಓದಲು ಬರುತ್ತದೆಂದು ಹೇಳಿದಳು. "ತಿಳಿಯಂಗಿಲ್ಲಂತ ಅವಗೂ" ಎಂದು ನಕ್ಕಳು.

ಆಮೇಲೆ ಕೇಳಿದಳು: "ಊಟ ಆತೇನ್ರಿ ರಾಯರ?"

ಮಧ್ಯಾಹ್ನ ಹನ್ನೆರಡು ದಾಟಿತ್ತು. ಆತು ಎಂಬ ಮಾತು ನಾಲಗೆಯ ತುದಿಗೆ ತಾನಾಗಿಯೇ ಬಂದು ನಿಂತಿತು. ಅಪ್ಪ ತೀರಿಹೋಗಿ ಆಗಲೇ ವರ್ಷವಾಗಿತ್ತು. ಆದರೆ ಅದು ಕಾರಣವಲ್ಲ. ಆ ಬೇವಿನ ಗಿಡದ ಕೆಳಗೆ ನನ್ನ ಕಡೆ ಚಾಚಿದ್ದ ಕೈ ಕಣ್ಣಿಗೆ ಕಟ್ಟಿತು.

"ಇಲ್ಲ ದೊಡ್ಡವ್ವ" ಎಂದೆ. "ಆಗಿಲ್ಲ. ಭಾಳ ಹಸಿವಾಗೇದ. ಅವತ್ತೂ ಆಗಿರಲಿಲ್ಲ."

"ಗೊತ್ತಿತ್ರಿ" ಎಂದಳು.

ಗೋಡೆ ಹಿಡಿದು ಎದ್ದು ಒಳಗೆ ಹೋದಳು. ತಾಟಿನಲ್ಲಿ ಎರಡು ರೊಟ್ಟಿ, ಚಟ್ನಿ, ಮೊಸರು ತಂದು ನನ್ನ ಮುಂದಿಟ್ಟಳು. ಮಂಜುಗಣ್ಣಿನಿಂದ ನಾನು ರೊಟ್ಟಿ ಮುರಿಯುವುದನ್ನು ನೋಡುತ್ತ ಎದುರಿಗೆ ಕೂತಳು. ನಾನು ಗಬಗಬನೆ ತಿನ್ನುತ್ತಿದ್ದೆ. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಎಂದು ಆಕೆ ತಿಳಿದಿರಲಿ ಎಂದುಕೊಂಡೆ. ಆಕೆ ಕೈ ಚಾಚಿ ನನ್ನ ಮೊಳಕಾಲು ತಟ್ಟಿದಳು.

"ಸಾವಕಾಶ ಉಣ್ರಿ ರಾಯರ" ಎಂದಳು. "ಗಂಟಿಗೆ ಇನ್ನೂ ಹೊತ್ತೈತಿ."